ಫಾರಿನ್ ಟೀಚರೂ ನಮ್ಮೂರ ಆಸ್ರಿಯೂ

ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಯಾವುದಕ್ಕೆ ಬರಗಾಲ ಬಂದರೂ ನಗುವಿಗೆ ಬರುವುದಿಲ್ಲ. ಪಠ್ಯಪುಸ್ತಕ ತಡವಾಗಿ ಬಂದೀತು, ಸಮವಸ್ತ್ರ ತಡವಾಗಿ ಬಂದೀತು, ಮಳೆ ರಜೆಯ ಆದೇಶವಂತೂ ಮಕ್ಕಳೆಲ್ಲ ತೊಯ್ದು ತೊಪ್ಪೆಯಾಗಿ ಬಂದು ಬೆಂಚಿನ ಮೇಲೆ ಕೂತ ನಂತರವೇ ಬಂದೀತು. ನಗಲಿಕ್ಕೆ ಕಾರಣ ಮಾತ್ರ ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಹಾಜರಿರುತ್ತದೆ. ನಾನು ದಿನಾ ಕುಂಭಾಶಿಯಿಂದ ಬಸ್ಸು ಹಿಡಿದು ಯಡ್ತರೆಯ ಒಳಗಿರುವ ನಮ್ಮ ಶಾಲೆಗೆ ಹೋಗಿ ಬರುವವಳು. ಇಂಗ್ಲಿಷ್ ನನ್ನ ಪಾಲಿಗೆ ಬಂದ ವಿಷಯ. ನನಗೆ ಸಿಟ್ಟು ಬೇಗ ಎಂದು ನಮ್ಮ ಹೆಡ್‌ಮಾಷ್ಟ್ರು ಹೋದಲ್ಲಿ ಬಂದಲ್ಲಿ ಹೇಳುತ್ತಾರೆ. ಅವರ ಜೊತೆ ಇಷ್ಟು ವರ್ಷ ಕೆಲಸ ಮಾಡಿದರೆ ಗೋಡೆಗೂ ಸಿಟ್ಟು ಬಂದೀತು.

ಆದರೆ ಆ ವರ್ಷ ನಮಗೆ ನಗುವಷ್ಟು ಸುಖ ಇರಲಿಲ್ಲ. ಬೈಂದೂರು ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ದಿನಾ ಬೆಳಗ್ಗೆ ನಮ್ಮ ಗೇಟಿನ ಎದುರೇ ನಿಂತು, ನಮ್ಮೂರ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ನಮ್ಮ ಒಂದನೇ ಕ್ಲಾಸು ಖಾಲಿಯಾಗುತ್ತ ಬಂದಿತ್ತು. ಬರುವ ಜೂನ್‌ನಲ್ಲಿ ಹೊಸ ಮಕ್ಕಳು ಸೇರದಿದ್ದರೆ ನಿಮ್ಮ ಶಾಲೆಯನ್ನು ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಅಜ್ಜಂದಿರು, ಅಪ್ಪಂದಿರು ಓದಿದ ಶಾಲೆ. ಬಾಗಿಲು ಹಾಕುವ ಕೆಲಸ ನಮ್ಮ ಕಾಲಕ್ಕೇ ಬರಬೇಕೇ ಎಂದು ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಹಳ್ಳಿ ಶಾಲೆಗಳಿಗೆ ವಿದೇಶದ ಸ್ವಯಂಸೇವಕರನ್ನು ಕಳಿಸುವ ಯಾವುದೋ ಸಂಸ್ಥೆಯವರು ಫೋನ್ ಮಾಡಿದರು. ಒಬ್ಬ ಹುಡುಗಿ ದೀಪಾವಳಿ ಕಳೆದ ಮೇಲೆ ಬಂದು ಬೇಸಿಗೆ ರಜೆಯವರೆಗೆ ಇರುತ್ತಾಳಂತೆ, ಸಂಬಳ ಬೇಡವಂತೆ, ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ನನಗೆ ನೆರವಾಗುತ್ತಾಳಂತೆ. ಹೆಡ್‌ಮಾಷ್ಟ್ರು ಫೋನ್ ಇಟ್ಟವರೇ, "ಟೀಚ್ರೆ, ದೇವ್ರ್ ಕಣ್ ಬಿಟ್ಟ!" ಎಂದರು. ನಾನು, "ಕಣ್ ಬಿಟ್ಟದ್ ಸಮ. ಎಂತ ಕಾಂತ ಕಾಂಬ," ಎಂದೆ, ಏನು ನೋಡುತ್ತಾನೋ ನೋಡೋಣ ಎಂದು.

ಲಂಡನ್ನಿನ ಗಡಿಯಾರ

ಶಾಲೆಯ ಸಮಿತಿಯ ಅಧ್ಯಕ್ಷರು ಮುಂಬೈಯ ಹೋಟೆಲುಗಳಲ್ಲಿ ಬಹಳ ಕಾಲ ಇದ್ದು ಊರಿಗೆ ಮರಳಿದವರು. ಮಾತಿನ ನಡುವೆ ಎರಡು ಹಿಂದಿ ಶಬ್ದ ಉದುರದಿದ್ದರೆ ಅವರಿಗೆ ಮಾತಾಡಿದ ಹಾಗೆಯೇ ಆಗುವುದಿಲ್ಲ. ಹುಡುಗಿಗೆ ಉಳಿಯಲು ತಮ್ಮ ಮನೆಯಲ್ಲೇ ಕೋಣೆ ಬಿಟ್ಟುಕೊಟ್ಟರು, ಸ್ವಾಗತದ ಫ್ಲೆಕ್ಸನ್ನೂ ತಾವೇ ಮಾಡಿಸಿದರು. ಯಾರಿಗೂ ತೋರಿಸಲಿಲ್ಲ. ಆ ದಿನ ಬೆಳಗ್ಗೆ ಗೇಟಿಗೆ ಕಟ್ಟಿದ ಮೇಲೆಯೇ ನಾವು ಕಂಡದ್ದು. ಒಂದು ಬದಿಯಲ್ಲಿ ಲಂಡನ್ನಿನ ದೊಡ್ಡ ಗಡಿಯಾರದ ಗೋಪುರ, ಇನ್ನೊಂದು ಬದಿಯಲ್ಲಿ ಕೈಮುಗಿದು ನಿಂತ ಅಧ್ಯಕ್ಷರು, ನಡುವೆ ದಪ್ಪ ಅಕ್ಷರದಲ್ಲಿ "ಇಂಗ್ಲಿಷರಿಂದಲೇ ಇಂಗ್ಲಿಷ್ ಕಲಿಯಿರಿ!"

ಹುಡುಗಿ ರಿಕ್ಷಾದಿಂದ ಇಳಿದಳು. ಆರತಿ ಆಯಿತು, ಸೇವಂತಿಗೆ ಮಾಲೆ ಆಯಿತು, ಬ್ಯಾಂಡಿನ ಮಕ್ಕಳು ಡ್ರಮ್ ಹರಿದುಹೋಗುವಂತೆ ಬಾರಿಸಿದರು. ಅವಳು ಫ್ಲೆಕ್ಸನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು, "ಇಂಗ್ಲೆಂಡಿನಿಂದಲೂ ಯಾರೋ ಬರುವವರಿದ್ದಾರಾ? ಒಳ್ಳೆಯದಾಯಿತು, ನಾನೂ ಕಲಿಯಬಹುದು."

ಅವಳ ದೇಶ ಪೋಲೆಂಡ್. ಅಲ್ಲಿಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಅವರದೇ ಭಾಷೆಯಲ್ಲಿ ಓದಿದವಳು. ಇಂಗ್ಲಿಷ್ ಅವಳಿಗೂ ನಮ್ಮ ಹಾಗೆ ಪುಸ್ತಕ ತೆರೆದು ಕಲಿತ ವಿಷಯ. ನಾನು ಅಧ್ಯಕ್ಷರನ್ನು ಬದಿಗೆ ಕರೆದು ವಿಷಯ ಹೇಳಿದೆ. ಅವರು ಒಂದು ಕ್ಷಣ ಫ್ಲೆಕ್ಸ್ ನೋಡಿದರು, ಒಂದು ಕ್ಷಣ ಹುಡುಗಿಯನ್ನು ನೋಡಿದರು. ಆಮೇಲೆ, "ಚಲೇಗಾ ಟೀಚ್ರೆ," ಎಂದರು. "ಗಡಿಯಾರ ಎಲ್ಲಿದ್ರೂ ಗಡಿಯಾರವೇ ಅಲ್ದಾ?"

ಕುರ್ಚಿ ಮುಟ್ಟದ ಟೀಚರ್

ಊರವರೆಲ್ಲ ಅವಳನ್ನು ಫಾರಿನ್ ಟೀಚರ್ ಎಂದೇ ಕರೆಯತೊಡಗಿದರು. ಅವಳ ನಿಜವಾದ ಹೆಸರು ಹೇಳಲು ಹೋದರೆ ನಾಲಗೆಗೆ ಗಂಟು ಬೀಳುತ್ತಿತ್ತು.

ಮೊದಲ ದಿನ ಐದನೇ ಕ್ಲಾಸಿಗೆ ಕಳಿಸಿದೆವು. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು, "ಗೂ...ಡ್ ಮಾರ್ನಿಂಗ್ ಟೀ...ಚರ್" ಎಂದು ರಾಗ ಎಳೆದವು. ಅವಳೂ ಖುಷಿಯಿಂದ "ಗುಡ್ ಮಾರ್ನಿಂಗ್" ಎಂದಳು, ಮತ್ತು ಪಾಠ ಶುರು ಮಾಡಿದಳು.

ನಮ್ಮ ಮಕ್ಕಳ ಸಂಗತಿ ನಿಮಗೆ ಗೊತ್ತಿದೆ. ಟೀಚರ್ "ಸಿಟ್ ಡೌನ್" ಎನ್ನದೆ ಕೂರುವ ಪದ್ಧತಿಯೇ ಇಲ್ಲ. ಅವಳಿಗೆ ಅದು ಗೊತ್ತಿಲ್ಲ. ಅವಳು ಹೇಳಲಿಲ್ಲ, ಇವು ಕೂರಲಿಲ್ಲ. ಬಣ್ಣಗಳ ಪಾಠ ನಿಂತುಕೊಂಡೇ ಆಯಿತು, ಹಣ್ಣುಗಳ ಪಾಠ ನಿಂತುಕೊಂಡೇ ಆಯಿತು. ನಾನು ಜಗಲಿಯಲ್ಲಿ ಹಾದು ಹೋಗುವಾಗ ಇಣುಕಿ, ಏನೋ ಹೊಸ ಚಟುವಟಿಕೆ ಮಾಡಿಸುತ್ತಿದ್ದಾಳೆ ಎಂದುಕೊಂಡು ಮುಂದೆ ಹೋದೆ.

ಒಂದೆರಡು ದಿನ ಕಳೆದ ಮೇಲೆ ಒಬ್ಬ ತಾಯಿ ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. "ಹ್ವಾಯ್ ಟೀಚ್ರೆ, ಮಕ್ಳ್ ಎಂತ ತಪ್ ಮಾಡಿದ್ದ್? ಫಾರಿನ್ ಟೀಚರ್ ದಿನಾ ನಿಲ್ಸಿ ಶಿಕ್ಷೆ ಕೊಡ್ತ್ರಂಬ್ರ್. ಮಗ ಮನಿಗ್ ಬಂದ್ ಕಾಲ್ ಒತ್ತ್ ಅಂತ."

ನಾನು ಓಡಿದೆ. ಮಕ್ಕಳು ಕೈಯಿಂದ ಡೆಸ್ಕು ಹಿಡಿದು, ತಲೆಯನ್ನು ಪಕ್ಕದವರ ಹೆಗಲಿಗೆ ಒರಗಿಸಿ ನಿಂತಿದ್ದವು. "ಸಿಟ್ ಡೌನ್!" ಎಂದೆ. ಇಡೀ ಕ್ಲಾಸು ದೊಪ್ಪೆಂದು ಕೂತ ಸದ್ದಿಗೆ ಪಕ್ಕದ ಕೋಣೆಯ ಮಕ್ಕಳು ಎದ್ದು ನಿಂತವು.

ಅವಳಿಗೆ ವಿಷಯ ತಿಳಿದಾಗ ಮುಖ ಕೆಂಪಾಯಿತು. "ಈ ಮಕ್ಕಳಿಗೆ ಕಲಿಯುವ ಆಸೆ ಎಷ್ಟೆಂದರೆ ಕೂರುವ ಮನಸ್ಸೇ ಇಲ್ಲ ಎಂದುಕೊಂಡೆ. ಅವರು ನಿಂತಿರುವಾಗ ನಾನು ಕೂತರೆ ತಪ್ಪಾಗುತ್ತದೆ ಎಂದು ನಾನೂ ಕುರ್ಚಿ ಮುಟ್ಟಲಿಲ್ಲ," ಎಂದು ಊದಿದ ಕಾಲು ತೋರಿಸಿದಳು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹೆಡ್‌ಮಾಷ್ಟ್ರು ನನ್ನ ಕಡೆ ನೋಡಿ ಹೇಳಿದರು, "ಕುರ್ಚಿ ಮುಟ್ದೆ ಪಾಠ ಮಾಡು ಟೀಚರ್ ಒಬ್ರನ್ನಾರೂ ಕಂಡ್ಕಂಡ್ ರಿಟೈರ್ ಆಯ್ಕ್ ಅಂದ್ಹೇಳಿ ನಂಗ್ ಆಸೆ ಇದ್ದಿತ್. ಇವತ್ ತೀರ್ತ್."

ವಕೀಲರಿಲ್ಲದ ಜಗಳ

ಹೆಡ್‌ಮಾಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಶನಿವಾರ ಅರ್ಧ ದಿನ ಶಾಲೆ ಮುಗಿದ ಮೇಲೆ ನಾನೂ ಫಾರಿನ್ ಟೀಚರೂ ಮನೆ ಮನೆಗೆ ಹೋಗಬೇಕು. ಸಣ್ಣ ಮಕ್ಕಳಿರುವ ಮನೆಯವರು ಅವಳನ್ನು ಕಂಡರೆ ಜೂನ್‌ನಲ್ಲಿ ಹಳದಿ ಬಸ್ಸನ್ನು ಮರೆತಾರು ಎಂಬ ಲೆಕ್ಕ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸ್ರಿ. ಬಾಯಾರಿಕೆಗೆ ಏನಾದರೂ. ಬೆಲ್ಲ ನೀರೋ, ಬೊಂಡದ ಎಳನೀರೋ, ಚಾ ತಿಂಡಿಯೋ, ಏನಾದರೊಂದು ಬಾಯಿಗೆ ಹಾಕದೆ ಬಿಡುವ ಮಾತಿಲ್ಲ. ಮೊದಲ ಮನೆಯಲ್ಲಿ ಬೊಂಡ ಕೆತ್ತಿಕೊಟ್ಟರು. ಎರಡನೆಯದರಲ್ಲಿ ಗೋಳಿಬಜೆ. ಮೂರನೆಯದರಲ್ಲಿ ಅವಲಕ್ಕಿ, ಬಾಳೆಹಣ್ಣು. ತಟ್ಟೆಯಲ್ಲಿ ಹಾಕಿದ್ದನ್ನು ಪೂರ್ತಿ ತಿನ್ನದೆ ಏಳಬಾರದು ಎಂದು ಅವಳ ಅಮ್ಮ ಕಲಿಸಿದ್ದಾರೆ. ತಟ್ಟೆ ಖಾಲಿ ಕಂಡರೆ ಬಡಿಸದೆ ಇರಬಾರದು ಎಂದು ನಮ್ಮ ಅಮ್ಮಂದಿರು ಕಲಿಸಿದ್ದಾರೆ. ಇವೆರಡು ಎದುರಾದರೆ ಏನಾಗುತ್ತದೆ ಎಂದು ಆ ಶನಿವಾರ ನಾನು ಕಣ್ಣಾರೆ ಕಂಡೆ. ಅವಳು ಖಾಲಿ ಮಾಡುತ್ತಾಳೆ, ಇವರು ತುಂಬುತ್ತಾರೆ. ಅವಳು ಮತ್ತೆ ಕಷ್ಟಪಟ್ಟು ಖಾಲಿ ಮಾಡುತ್ತಾಳೆ, ಇವರು "ಪಾಪ, ಹೆಣ್ಣಿಗ್ ಹಸಿವ್ ಆಯಿತ್," ಎಂದು ಮತ್ತೆ ತುಂಬುತ್ತಾರೆ.

ಕೊನೆಯದು ಗುಡ್ಡೆಮನೆ. ಆ ಮನೆಯ ಅಜ್ಜಿ ಊರಿಗೇ ಹಿರಿಯರು. ಅವರ ಮಗನಿಗೆ ಮುಂಬೈಯಲ್ಲಿ ಹೋಟೆಲು. ಸೊಸೆ, ಮೊಮ್ಮಗಳು ಅಜ್ಜಿಯ ಜೊತೆಯಲ್ಲೇ ಇದ್ದಾರೆ. ಮೊಮ್ಮಗಳು ಬರುವ ಜೂನ್‌ಗೆ ಒಂದನೇ ಕ್ಲಾಸು. ಗುಡ್ಡೆಮನೆಯವರು ಯಾವ ಶಾಲೆಗೆ ಕಳಿಸುತ್ತಾರೋ ಸುತ್ತಲಿನ ಮನೆಯವರೂ ಅಲ್ಲಿಗೇ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ಬಾಳೆಲೆಯ ಮೇಲೆ ಹಾಲುಬಾಯಿ ತಂದಿಟ್ಟರು. ಅಕ್ಕಿ, ಬೆಲ್ಲ, ತೆಂಗಿನ ಹಾಲು ಮಗುಚಿ ಮಗುಚಿ ಮಾಡಿದ ಆ ಸಿಹಿ ಎಂದರೆ ನನಗೂ ಪ್ರಾಣ. ಫಾರಿನ್ ಟೀಚರ್ ಎಷ್ಟು ತಿಂದಳು ಎಂದು ನಾನು ಹೇಳುವುದಿಲ್ಲ, ಕಣ್ಣು ತಾಗೀತು. ಅಜ್ಜಿಗೆ ಮಾತ್ರ ಆ ಕ್ಷಣದಿಂದ ಅವಳು ಮನೆಮಗಳಾದಳು.

ಹಿಂದಿರುಗಿ ಬರುವಾಗ ಅವಳು ಮೋರಿಕಟ್ಟೆಯ ಮೇಲೆ ಕೂತು, ಇನ್ನು ಹೆಜ್ಜೆ ಇಡಲಾರೆ ಎಂದಳು. ನಾನು ಬುದ್ಧಿ ಹೇಳಿದೆ. "ಎಲೆಯಲ್ಲಿ ಸ್ವಲ್ಪ ಬಿಡಬೇಕು. ಬಡಿಸಲು ಬಂದಾಗ ಕೈ ಅಡ್ಡ ಇಡಬೇಕು. ಆದರೆ ಏನೂ ಮುಟ್ಟದೆ ಏಳಬಾರದು. ಜಗಳ ಆದವರು ಮಾತ್ರ ಆ ಮನೆಯ ನೀರು ಮುಟ್ಟದೆ ಹೋಗುವುದು."

"ಬೈಯುವುದು, ಕೂಗುವುದು ಏನೂ ಇಲ್ಲವಾ?"

"ಬೇಕಾಗಿಲ್ಲ. ಆಸ್ರಿ ಬೇಡ ಎಂದು ಅಂಗಳ ಇಳಿದರೆ ಸಾಕು. ಸಂಜೆಯ ಒಳಗೆ ಊರಿಗೆಲ್ಲ ತಿಳಿಯುತ್ತದೆ. ಆ ಮನೆಯವರಿಗೆ ತಲೆ ಎತ್ತಲಿಕ್ಕಾಗುವುದಿಲ್ಲ."

ಅವಳು ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ಎಷ್ಟು ಸುಲಭ! ನಮ್ಮಲ್ಲಿ ಇದಕ್ಕೆ ವಕೀಲರನ್ನು ಇಟ್ಟುಕೊಳ್ಳಬೇಕು."

ಎಲ್ಲರಿಗೂ ಅರ್ಥವಾಯಿತು

ಒಂದು ತಿಂಗಳು ಕಳೆದ ಮೇಲೆ ಅವಳು ಹಿಗ್ಗಿನಿಂದ ಸ್ಟಾಫ್ ರೂಮಿಗೆ ಬಂದಳು. "ಇಂಥ ಬುದ್ಧಿವಂತ ಮಕ್ಕಳನ್ನು ನಾನು ಎಲ್ಲೂ ಕಂಡಿಲ್ಲ. ಏನು ಹೇಳಿಕೊಟ್ಟರೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಒಬ್ಬರಿಗೂ ಒಂದು ಸಂಶಯ ಇಲ್ಲ."

"ಹೇಗೆ ಗೊತ್ತು?" ಎಂದೆ.

"ಅರ್ಥವಾಯಿತಾ ಎಂದು ಕೇಳುತ್ತೇನೆ. ಎಲ್ಲರೂ ಒಟ್ಟಿಗೆ ಯಸ್ ಟೀಚರ್ ಎನ್ನುತ್ತಾರೆ."

ನನಗೆ ಅಯ್ಯೋ ಅನಿಸಿತು. ಅವಳನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ನಾನೇ ಕೇಳಿದೆ, "ಮಕ್ಳೇ, ನಿನ್ನೆ ಟೀಚರ್ ಚಂದ್ರನ ಮೇಲೆ ಗದ್ದೆ ಉಳುವುದು ಹೇಗೆ ಎಂದು ಹೇಳಿಕೊಟ್ಟರಲ್ಲ, ಅರ್ಥ ಆಯ್ತಾ?"

"ಯ...ಸ್ ಟೀ...ಚರ್!"

ಮಕ್ಕಳಿಗೆ ಹೀಗೆ ಯಾರು ಕಲಿಸಿದರು ಎಂಬುದು ಅವಳ ಪ್ರಶ್ನೆ. ಉತ್ತರ ಆ ವಾರವೇ ಸಿಕ್ಕಿತು. ಬ್ರಹ್ಮಾವರದಲ್ಲಿ ನಮಗೆಲ್ಲ ಹೊಸ ಬೋಧನಾ ವಿಧಾನದ ತರಬೇತಿ ಇತ್ತು, ಅವಳೂ ನೋಡಲು ಬಂದಿದ್ದಳು. ತರಬೇತಿ ಕೊಡುವವರು ಬೋರ್ಡಿನ ತುಂಬ ಬಾಣ, ಚೌಕ, ವೃತ್ತ ಎಳೆದರು. ಊಟದ ಹೊತ್ತು ಮೀರಿತ್ತು. ಕೊನೆಗೆ ಅವರು ತಿರುಗಿ, "ಎಲ್ಲರಿಗೂ ಅರ್ಥವಾಯಿತಲ್ಲ?" ಎಂದರು.

"ಯ...ಸ್ ಸರ್!" ಎಂದು ಹಾಲಿನ ತುಂಬ ನಾವೆಲ್ಲ ರಾಗ ಎಳೆದೆವು. ಫಾರಿನ್ ಟೀಚರ್ ಮೆಲ್ಲನೆ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ನಾನು ಕಿಟಕಿಯ ಹೊರಗಿನ ತೆಂಗಿನ ಮರ ನೋಡಿದೆ.

ತೊಡೆಯ ಮೇಲಿನ ಚೀಲ

ಅದೇ ದಿನ ಬ್ರಹ್ಮಾವರದಿಂದ ಬರುವಾಗ ಬಸ್ಸು ಉಸಿರಾಡಲು ಜಾಗ ಇಲ್ಲದಷ್ಟು ತುಂಬಿತ್ತು. ಹೇಗೋ ಅವಳಿಗೆ ಒಂದು ಸೀಟು ಸಿಕ್ಕಿತು, ಅವಳನ್ನು ಊರು ಮುಟ್ಟಿಸಲು ಹೊರಟ ನಾನು ಹಿಂದೆ ಕಂಬಿ ಹಿಡಿದು ನಿಂತೆ. ಕೋಟದಲ್ಲಿ ಮಗು ಎತ್ತಿಕೊಂಡು ಹತ್ತಿದ ಒಬ್ಬ ಹೆಂಗಸು, ಸೀಟಿನಲ್ಲಿ ಯಾರಿದ್ದಾರೆ ಎಂದು ಮುಖವನ್ನೂ ನೋಡದೆ ಮಗುವನ್ನು ಇವಳ ತೊಡೆಯ ಮೇಲೆ ಕೂರಿಸಿಬಿಟ್ಟಳು. ಕಂಡಕ್ಟರ್ "ಹಿಂದೆ ಹೋಯ್ನಿ, ಹಿಂದೆ ಹೋಯ್ನಿ," ಎನ್ನುತ್ತ ಆ ತಾಯಿಯನ್ನು ನನ್ನವರೆಗೆ ತಳ್ಳಿಕೊಂಡು ಬಂದ. ನಿಂತವರ ಚೀಲ, ಮಗು ಎಲ್ಲ ಕೂತವರ ತೊಡೆಗೆ ಎಂಬುದು ನಮ್ಮ ಬಸ್ಸುಗಳಲ್ಲಿ ಯಾರೂ ಹೇಳಿ ಮಾಡುವ ಕೆಲಸವಲ್ಲ.

ಫಾರಿನ್ ಟೀಚರಿಗೆ ಜೀವ ಬಾಯಿಗೆ ಬಂತು. ಯಾರೋ ಮಗುವನ್ನು ತನಗೆ ಕೊಟ್ಟು ಮಾಯವಾದರು ಎಂದುಕೊಂಡು, ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಸುತ್ತ ನೋಡುತ್ತಿದ್ದಳು. ಮಗು ಅವಳ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಂಡಿತು. ಕುಂದಾಪುರದಲ್ಲಿ ತಾಯಿ ಬಂದು, "ಕೊಡಿ ಮಗಾ," ಎಂದು ಎತ್ತಿಕೊಂಡು ಇಳಿದು ಹೋದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ನಾನು ನಮ್ಮ ಪದ್ಧತಿ ವಿವರಿಸಿದೆ. "ಯಾರೆಂದು ಕೇಳುವುದೂ ಇಲ್ಲವಾ?" ಎಂದಳು. "ಎಂತಕ್ಕೆ ಕೇಳುವುದು? ಕೂತವರಿಗೆ ತೊಡೆ ಇದೆಯಲ್ಲ," ಎಂದೆ.

ಅವಳು ಯಾವುದನ್ನೂ ಅರ್ಧ ಕಲಿಯುವವಳಲ್ಲ. ಕೆಲವು ದಿನಗಳ ನಂತರ ಬೈಂದೂರು ಪೇಟೆಯಿಂದ ಶಾಲೆಗೆ ಬರುವಾಗ ಬಸ್ಸಿನಲ್ಲಿ ನಿಂತಿದ್ದಳಂತೆ. ಬಿಸಿಯೂಟಕ್ಕೆಂದು ಕೊಂಡ ತೆಂಗಿನಕಾಯಿ, ಬಸಳೆ ತುಂಬಿದ ಚೀಲ ಕೈಯಲ್ಲಿತ್ತು. ಎದುರು ಸೀಟಿನಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಒಬ್ಬರು ಕೂತಿದ್ದರು. ಒಂದು ಮಾತೂ ಆಡದೆ ಚೀಲವನ್ನು ಅವರ ತೊಡೆಯ ಮೇಲೆ ಇಟ್ಟಳು.

ಆ ಬಿಳಿ ಅಂಗಿಯವರು ನಮ್ಮ ಶಾಲೆಯನ್ನು ಉಳಿಸುವುದೋ ಮುಚ್ಚುವುದೋ ಎಂದು ನೋಡಿಕೊಂಡು ಹೋಗಲು ಬರುತ್ತಿದ್ದ ಅಧಿಕಾರಿ. ಅವರೂ ನಮ್ಮ ಕಡೆಯವರೇ. ತೊಡೆಯ ಮೇಲೆ ಚೀಲ ಬಂದರೆ ಏನು ಮಾಡಬೇಕೆಂದು ಗೊತ್ತಿರುವವರು. ಇಬ್ಬರೂ ಒಂದೇ ಸ್ಟಾಪಿನಲ್ಲಿ ಇಳಿದರು. ಚೀಲ ಭಾರ ಇದೆ ಎಂದು ಅವರೇ ಹೊತ್ತುಕೊಂಡರು.

ಹೆಡ್‌ಮಾಷ್ಟ್ರು ಗೇಟಿನಲ್ಲಿ ಗುಲಾಬಿ ಹೂ ಹಿಡಿದು ಕಾಯುತ್ತಿದ್ದರು. ಮುಂದೆ ಕೈಬೀಸುತ್ತ ಫಾರಿನ್ ಟೀಚರ್, ಹಿಂದೆ ಹೆಗಲಲ್ಲಿ ಬಸಳೆಯ ಬಳ್ಳಿ ಜೋಲಾಡಿಸಿಕೊಂಡು ಅಧಿಕಾರಿ. ಹೆಡ್‌ಮಾಷ್ಟ್ರಿಗೆ ಹೂ ಯಾರಿಗೆ ಕೊಡುವುದೆಂದೇ ತಿಳಿಯಲಿಲ್ಲ. ಅಧಿಕಾರಿ ನಗುತ್ತಲೇ ಹೋದರು, ಆದರೆ ಹೋಗುವಾಗ ಹೇಳಬೇಕಾದ್ದನ್ನು ಹೇಳಿಯೇ ಹೋದರು. "ಜೂನ್ ತಿಂಗ್ಳಲ್ಲಿ ಒಂದನೇ ಕ್ಲಾಸಲ್ಲಿ ಮಕ್ಳ್ ಕಾಣ್ಕ್ ಮಾಷ್ಟ್ರೆ. ಅದಿಲ್ದಿರೆ ನನ್ ಕೈಯಲ್ಲಿ ಎಂತ ಇಲ್ಲೆ."

ಅವರು ಕಣ್ಮರೆಯಾದ ಮೇಲೆ ಹೆಡ್‌ಮಾಷ್ಟ್ರು ನಿಟ್ಟುಸಿರು ಬಿಟ್ಟರು. "ನನ್ ಸರ್ವೀಸೆಲ್ಲ ಇವ್ರ್ ಬ್ಯಾಗ್ ಹೊತ್ತದ್ದೇ ಆಯ್ತ್. ಈ ಹೆಣ್ ಬಂದ್ ಎರಡ್ ತಿಂಗ್ಳ್ ಆಯ್ಲಿಲ್ಲ, ಅವ್ರ್ ಹತ್ರವೇ ಹೊರ್ಸ್ತಲೆ!"

ಗುಡ್ಡೆಮನೆಯ ಜಗಲಿ

ಏಪ್ರಿಲ್ ಬಂತು. ಅವಳು ಊರಿಗೆ ಮರಳುವ ದಿನ ಹತ್ತಿರವಾಯಿತು. ಒಂದನೇ ಕ್ಲಾಸಿಗೆ ಸೇರಿಸುತ್ತೇವೆ ಎಂದು ಒಬ್ಬರೂ ಗಟ್ಟಿಯಾಗಿ ಹೇಳಿರಲಿಲ್ಲ. ಎಲ್ಲರದ್ದೂ ಒಂದೇ ಮಾತು, "ಗುಡ್ಡೆಮನಿಯರ್ ಎಂತ ಮಾಡ್ತ್ರ್ ಕಾಂಬ." ಮುಂಬೈಯ ಮಗ ರಜೆಗೆ ಬಂದಿದ್ದಾರೆ, ಮಗಳನ್ನು ಹಳದಿ ಬಸ್ಸಿನ ಶಾಲೆಗೇ ಸೇರಿಸುತ್ತಾರಂತೆ ಎಂದು ಸುದ್ದಿ ಬಂತು. ಹೆಡ್‌ಮಾಷ್ಟ್ರು ಕೈಚೆಲ್ಲಿ ಕೂತರು. ನಾನೇ ಎಬ್ಬಿಸಿದೆ. ನಾವು ಮೂವರೂ ಗುಡ್ಡೆ ಹತ್ತಿದೆವು.

ಮಗ ಬಹಳ ಮರ್ಯಾದೆಯವರು. ಜಗಲಿಯಲ್ಲಿ ಕುರ್ಚಿ ಹಾಕಿಸಿದರು. "ಮಾಷ್ಟ್ರೆ, ಶಾಲಿ ಬಗ್ಗೆ ನಾ ಎಂತದೂ ಹೇಳುದಿಲ್ಲ. ನಾನೂ ಅಲ್ಲೇ ಓದದ್ದ್. ಆರೆ ಈಗ್ಳಿನ ಕಾಲಕ್ಕೆ ಇಂಗ್ಲಿಷ್ ಬೇಕಲ್ದಾ?"

ಹೆಡ್‌ಮಾಷ್ಟ್ರು ಪುಸ್ತಕ, ಸಮವಸ್ತ್ರ, ಹಾಲು, ಮೊಟ್ಟೆ, ಹೊಸ ಶೌಚಾಲಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಕೊನೆಗೆ ಫಾರಿನ್ ಟೀಚರನ್ನು ತೋರಿಸಿ ಎದೆಯುಬ್ಬಿಸಿದರು. ಮಗ ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು, "ನೀವು ಯಾವ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದ್ದು ಮೇಡಂ?"

ಅಧ್ಯಕ್ಷರ ಮನೆಯಲ್ಲಿದ್ದು ಅವಳು ಅಷ್ಟರಲ್ಲಿ ನಮ್ಮ ಮಾತು ಕಲಿತಿದ್ದಳು. ಉತ್ತರ ನಮ್ಮ ಭಾಷೆಯಲ್ಲೇ ಬಂತು. "ಸರ್ಕಾರಿ ಶಾಲಿ. ನಮ್ ಊರ್ ಭಾಷಿ. ಇಂಗ್ಲಿಷ್ ಆಮೇಲ್ ಕಲ್ತದ್."

ಹೆಡ್‌ಮಾಷ್ಟ್ರು ಕಣ್ಣು ಮುಚ್ಚಿಕೊಂಡರು. ಮಗ ನಕ್ಕು, "ಕಾಂಬ ಮಾಷ್ಟ್ರೆ," ಎಂದರು. ನಮ್ಮೂರಲ್ಲಿ ಯಾರಾದರೂ ಹಾಗೆ ನಗುತ್ತ "ಕಾಂಬ" ಎಂದರೆ ಅಲ್ಲಿಗೆ ಕೆಲಸ ಕೆಟ್ಟಿತು ಎಂದು ಎಲ್ಲರಿಗೂ ಗೊತ್ತು.

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಚಾ ಮತ್ತು ಹಾಲುಬಾಯಿ ತಂದರು. ಹೆಡ್‌ಮಾಷ್ಟ್ರು ಎಂಥ ದುಃಖದಲ್ಲೂ ತಿಂಡಿಗೆ ಅವಮಾನ ಮಾಡುವವರಲ್ಲ, ಒಂದು ತುಂಡು ಆಗಲೇ ಬಾಯಿಗೆ ಹಾಕಿದ್ದರು. ಫಾರಿನ್ ಟೀಚರ್ ಮಾತ್ರ ಎದ್ದು ನಿಂತು ಕೈಮುಗಿದಳು.

"ಅಜ್ಜಿ, ನಂಗ್ ಆಸ್ರಿ ಬ್ಯಾಡ."

ಅಜ್ಜಿ ತಟ್ಟೆಯನ್ನು ಕೆಳಗಿಟ್ಟರು. "ಎಂತಕ್ಕೆ ಹೆಣ್ಣೇ? ಹುಷಾರಿಲ್ಯಾ?"

"ಹುಷಾರಿತ್ತ್. ನಿಮ್ ಮೊಮ್ಮಗ್ಳ್ ನಮ್ ಶಾಲಿಗ್ ಬತ್ತಿಲ್ಲೆ. ನಂಗ್ ಈ ಮನಿ ಆಸ್ರಿ ಬ್ಯಾಡ."

ಜಗಲಿಯಲ್ಲಿ ಎಲ್ಲರೂ ಎದ್ದು ನಿಂತರು. ನಾನು ನಿಂತೆ, ಮಗ ನಿಂತರು, ಸೊಸೆ ಬಾಗಿಲಿಗೆ ಬಂದಳು. ಹೆಡ್‌ಮಾಷ್ಟ್ರೂ ನಿಂತರು. ಬಾಯಲ್ಲಿದ್ದ ಹಾಲುಬಾಯಿಯನ್ನು ನುಂಗಿದರೆ ಶಾಲೆಗೆ ದ್ರೋಹ, ಉಗುಳಿದರೆ ಅಜ್ಜಿಗೆ ಅವಮಾನ. ಕೆನ್ನೆ ಉಬ್ಬಿಸಿಕೊಂಡು ಹಾಗೆಯೇ ನಿಂತರು.

ಅಜ್ಜಿ ಮಗನ ಕಡೆ ತಿರುಗಿದರು. "ಕಾಣ್! ನಾ ಮದಿ ಆಯ್ ಈ ಮನಿಗ್ ಬಂದಲ್ಲಿಂದ ಬಾಯಿಗ್ ನೀರ್ ಹಾಕ್ದೆ ಯಾರೂ ಹೋಯ್ಲಿಲ್ಲ. ಪೋಸ್ಟಿನವ ಹೋಯ್ಲಿಲ್ಲ, ಕರೆಂಟ್ ಬಿಲ್ಲಿನವ ಹೋಯ್ಲಿಲ್ಲ. ನೀ ಮುಂಬೈಯಲ್ಲಿ ಕಂಡ್ ಕಂಡರಿಗೆಲ್ಲ ಊಟ ಹಾಕ್ತೆ. ಸಮುದ್ರ ದಾಟಿ ಬಂದ ಹೆಣ್ ನಿನ್ ಮನಿ ಅಂಗಳದಲ್ಲಿ ಬಾಯ್ ಒಣಗ್ಸ್ಕಂಡ್ ಹೋತಾ ಇತ್ತಲೆ! ನೀ ನಾಳೆ ರೈಲ್ ಹತ್ತಿ ಹೋತೆ. ಊರಲ್ಲಿ ಮುಖ ತೋರ್ಸ್ಕಂಡ್ ಬದ್ಕುದ್ ನಾನಲ್ದಾ?"

ಯಾರಿಗೂ ಕೂರಲು ಧೈರ್ಯ ಇಲ್ಲ, ಹೋಗಲು ಮನಸ್ಸಿಲ್ಲ. ಆಗ ಕಂಬದ ಹಿಂದಿನಿಂದ ಮೊಮ್ಮಗಳು ಹೊರಗೆ ಬಂತು. ನಮ್ಮ ಐದನೇ ಕ್ಲಾಸಿನ ಮಕ್ಕಳ ಜೊತೆ ಅದು ಸಂಜೆ ಗೇಟಿನ ಹೊರಗೆ ಶಾಲೆಯಾಟ ಆಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಇಷ್ಟು ಜನ ದೊಡ್ಡವರು ಸುಮ್ಮನೆ ನಿಂತಿರುವುದನ್ನು ಕಂಡು ಅದು ಸೊಂಟದ ಮೇಲೆ ಕೈಯಿಟ್ಟು ಗದರಿತು.

"ಸಿಟ್ ಡೌನ್!"

ಮೊದಲು ಕೂತವರು ನಮ್ಮ ಹೆಡ್‌ಮಾಷ್ಟ್ರು. ಗಾಬರಿಯಲ್ಲಿ ಹಾಲುಬಾಯಿಯೂ ಗುಳುಂ ಎಂದು ಒಳಗೆ ಹೋಯಿತು. ಮಗನಿಗೆ ನಗು ತಡೆಯಲಾಗಲಿಲ್ಲ, ಅವರೂ ಕೂತರು. ನಾನು ಬಿಡಲಿಲ್ಲ. "ಇಂಗ್ಲಿಷ್ ಬೇಕ್ ಅಂದ್ರಲ್ದಾ? ಇದ್ ಗೇಟಿನ ಹೊರಗೆ ನಿಂತ್ ಕಲ್ತದ್. ಒಳಗ್ ಬಂದ್ರೆ ಎಷ್ಟ್ ಕಲೀತ್ ಕಾಣಿ," ಎಂದೆ. ಅವರು ಮಗಳನ್ನು ನೋಡಿದರು, ತಾಯಿಯನ್ನು ನೋಡಿದರು, ಕೊನೆಗೆ ಫಾರಿನ್ ಟೀಚರಿಗೆ ಕೈಮುಗಿದರು. "ಆಯ್ತ್ ಮಾರಾಯ್ರೆ, ನಿಮ್ ಶಾಲಿಗೇ ಸೇರ್ಸ್ತೆ. ಒಮ್ಮೆ ಆಸ್ರಿ ಕುಡೀನಿ!"

ಅವಳು ಕೂತಳು. ಅಜ್ಜಿ ಬಡಿಸಿದರು, ಇವಳು ಖಾಲಿ ಮಾಡಿದಳು. ಮತ್ತೆ ಬಡಿಸಿದರು. ಕೈ ಅಡ್ಡ ಇಡಬೇಕೆಂದು ನಾನು ಕಲಿಸಿದ್ದು ಆ ದಿನ ಅವಳಿಗೆ ನೆನಪಾಗಲಿಲ್ಲ, ನಾನೂ ನೆನಪು ಮಾಡಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಚಾ ಬಿಸಿ ಎಂದು ಹೇಳಿ ಒರೆಸಿಕೊಂಡೆ.

ಹೆಡ್‌ಮಾಷ್ಟ್ರಿಗೆ ಒಳ್ಳೇ ಮಂತ್ರ ಸಿಕ್ಕಿದ ಹಾಗಾಯಿತು. ಮರುದಿನ ಒಬ್ಬರೇ ಹೊರಟು ಪಕ್ಕದ ಮನೆಗೆ ಹೋದರು. ಚಾ ತಂದ ಕೂಡಲೇ ಎದ್ದು ನಿಂತು ಗಂಭೀರವಾಗಿ, "ನಂಗ್ ಆಸ್ರಿ ಬ್ಯಾಡ," ಎಂದರಂತೆ. ಆ ಮನೆಯಾಕೆ, "ಒಳ್ಳೇದಾಯ್ತ್ ಕಾಣಿ. ನಿಮ್ಗ್ ಶುಗರ್ ಇತ್ತಲೆ," ಎಂದು ತಟ್ಟೆ ಒಳಗೆ ತೆಗೆದುಕೊಂಡು ಹೋದರಂತೆ. ಪುಣ್ಯಕ್ಕೆ ಗುಡ್ಡೆಮನೆಯವರು ಒಪ್ಪಿದ ಸುದ್ದಿ ಅವರಿಗಿಂತ ಮೊದಲೇ ಆ ಮನೆ ಮುಟ್ಟಿತ್ತು. ಅವರೂ ಸೇರಿಸಿದರು, ಅವರ ಆಚೆಯವರೂ ಸೇರಿಸಿದರು.

ಶಾಲೆಗೆ ರಜೆ ಬಿದ್ದ ವಾರ ಅವಳು ಹೊರಟಳು. ಬಸ್ಸು ಹತ್ತುವಾಗ ಇಡೀ ಶಾಲೆ ರಸ್ತೆಯಲ್ಲಿತ್ತು. ಗುಡ್ಡೆಮನೆ ಅಜ್ಜಿ ಮಾತ್ರ ಬರಲಿಲ್ಲ. ಹೋಗುವುದನ್ನು ನೋಡಲಾರೆ ಎಂದು ಹಾಲುಬಾಯಿ ಕಟ್ಟಿ ಕಳಿಸಿದ್ದರು.

ಶಾಲೆ ಮತ್ತೆ ತೆರೆದ ದಿನ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆವು. ಒಂದನೇ ಕ್ಲಾಸಿನ ಬೆಂಚು ತುಂಬಿತ್ತು. ಬಿಳಿ ಅಂಗಿಯ ಅಧಿಕಾರಿ ಬಂದು ನೋಡಿ, ಇನ್ನು ಶಾಲೆ ಮುಚ್ಚುವ ಮಾತಿಲ್ಲ ಎಂದು ಹೇಳಿ ಹೋದರು. ಮೊಮ್ಮಗಳ ಕೈಹಿಡಿದು ಅಜ್ಜಿಯೂ ಗುಡ್ಡೆ ಇಳಿದು ಬಂದಿದ್ದರು. ಹೆಡ್‌ಮಾಷ್ಟ್ರು ಆಫೀಸಿನಲ್ಲಿ ತಮ್ಮ ಸ್ವಂತ ಕುರ್ಚಿಯಲ್ಲೇ ಅವರನ್ನು ಕೂರಿಸಿ, ಚಾವನ್ನೂ ಸ್ವತಃ ತಂದರು.

ಅಜ್ಜಿ ಲೋಟಕ್ಕೆ ಕೈ ಅಡ್ಡ ಇಟ್ಟರು. "ನಂಗ್ ಆಸ್ರಿ ಬ್ಯಾಡ ಮಾಷ್ಟ್ರೆ."

ಹೆಡ್‌ಮಾಷ್ಟ್ರ ಮುಖ ಬಿಳುಚಿತು. "ಎಂತಕ್ಕಜ್ಜಿ? ನಮ್ದ್ ಎಂತ ತಪ್ಪಾಯ್ತ್?"

"ಆ ಹೆಣ್ಣನ್ನ ಕಳ್ಸಿ ಬಿಟ್ರಲೆ," ಎಂದರು ಅಜ್ಜಿ. "ಅದ್ ವಾಪಾಸ್ ಬರ್ಲಿ. ಅಲ್ಲಿವರಿಗೆ ಈ ಶಾಲಿ ನೀರ್ ನಾ ಮುಟ್ಟುದಿಲ್ಲ."